ಮೇ ತಿಂಗಳು ದಾಟುವ ಐದು ಕುಂಡ

ಮನೀಶ್ ನಗರದ ಫ್ಲಾಟಿಗೆ ಬಂದ ನಮ್ಮವರು ಬಾಲ್ಕನಿ ನೋಡಿದ ಕೂಡಲೇ ಗಿಡ ತರ್ತಾರೆ. ಆದರೆ ನಾಗಪುರದ ಮೇ ಬಿಸಿಲು ಎಷ್ಟೋ ಸಲ 45 ಡಿಗ್ರಿ ದಾಟುತ್ತೆ. ಅದೇ ಹೊತ್ತಿಗೆ ನಾವು ಮಕ್ಕಳ ರಜೆಗೆ ಊರಿಗೆ ಹೋಗಿರ್ತೀವಿ. ಹಾಗಾಗಿ ಮೇ ತಿಂಗಳನ್ನು ಮನಸ್ಸಲ್ಲಿಟ್ಟುಕೊಂಡೇ ಗಿಡ ಆರಿಸಿ.

ಹೊಸಬರಿಗೆ ಐದೇ ಕುಂಡ ಸಾಕು. ಬಿಸಿಲಿಗೆ ಕಾಗದದ ಹೂ, ಟೇಬಲ್ ರೋಸ್, ಕರಿಬೇವು. ಅರೆನೆರಳಿಗೆ ಲೋಳೆಸರ, ದೊಡ್ಡಪತ್ರೆ. ಕಣಗಿಲೆಯೂ ಗಟ್ಟಿ ಗಿಡವೇ, ಆದರೆ ವಿಷ. ಮಕ್ಕಳಿರುವ ಮನೆಗೆ ಬೇಡ.

ಇಲ್ಲಿನ ಕಪ್ಪು ಮಣ್ಣು ಒಣಗಿದರೆ ಬಿರಿಯುತ್ತೆ, ಮಳೆಗೆ ನೀರು ಹಿಡಿದಿಟ್ಟುಕೊಳ್ಳುತ್ತೆ. ಮರಳು, ಗೊಬ್ಬರ ಬೆರೆಸಿ; ಮೇಲೆ ಒಣ ಎಲೆ ಹಾಸಿ. ಮಳೆ ಹಿಡಿದ ಮೇಲೆ ನೆಟ್ಟರೆ ಬೇಸಿಗೆಯೊಳಗೆ ಬೇರು ಬಲಿಯುತ್ತೆ.

ಊರಿಗೆ ಹೊರಡುವಾಗ ಕುಂಡಗಳನ್ನು ನೆರಳಲ್ಲಿ ಒತ್ತಾಗಿಟ್ಟು, ಪಕ್ಕದ ಮನೆ ಕಾಕೂಗೆ ಕೀಲಿ ಕೊಡಿ. ವಾಪಸ್ ಬಂದಾಗ ಒಗ್ಗರಣೆಗೆ ಕರಿಬೇವು ಇರುತ್ತೆ.