ಅಳತೆ ಕೊಳವೆಬಾವಿಯಲ್ಲಿ ನಡೆಯಲಿ



ಮರುಬಳಕೆಯ ನೀರು ಮತ್ತು ಅಂತರ್ಜಲದ ಗುಣಮಟ್ಟವನ್ನು ಕುರಿತ ಈ ಸಂಕಿರಣಕ್ಕೆ ಕೋಲಾರಕ್ಕಿಂತ ತಕ್ಕ ಜಾಗ ನಮ್ಮ ರಾಜ್ಯದಲ್ಲಿಲ್ಲ. 2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿತ ನೀರು ಬಂದು ಬಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳಿಗೆ. ಯೋಜನೆಯ ಲೆಕ್ಕ ಇದು. ಮರು ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನೀರು ನಿಂತಿತು, ಮತ್ತೆ ಹರಿಯಿತು. ನದಿಯ ಆಸರೆಯಿಲ್ಲದ, ಸಾವಿರ ಅಡಿ ಕೊರೆದರೂ ಧೂಳೇ ಏಳುತ್ತಿದ್ದ ಊರುಗಳಲ್ಲಿ ಕೆರೆ ಕೋಡಿ ಬಿದ್ದಿತು, ಬತ್ತಿದ ಬೋರ್‌ವೆಲ್‌ಗಳಿಗೆ ಮತ್ತೆ ಜೀವ ಬಂತು.

ಇದು ಸಣ್ಣ ಸಂಗತಿಯಲ್ಲ. ಈ ಯೋಜನೆ ನಿಲ್ಲಬೇಕು ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ, ಅದು ನಿಲ್ಲಬಾರದು. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತಂದು, ಒಮ್ಮೆ ಬಳಸಿ ಚರಂಡಿಗೆ ಬಿಟ್ಟು ಮರೆತುಬಿಡುವ ಹಕ್ಕು ಬೆಂಗಳೂರಿಗಿಲ್ಲ. ಆದರೆ ನಮ್ಮ ನೀತಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ನಾವು ನೀರಿನ ಗುಣವನ್ನು ಮುಖ್ಯವಾಗಿ ಅಳೆಯುವುದು ಶುದ್ಧೀಕರಣ ಘಟಕದ ಪೈಪಿನ ಬಾಯಲ್ಲಿ, ಹೆಚ್ಚೆಂದರೆ ಕೆರೆಯಲ್ಲಿ. ಜನ ಕುಡಿಯುವುದು ಕೊಳವೆಬಾವಿಯ ನೀರನ್ನು. ಇವೆರಡರ ನಡುವೆ ಏನಾಗುತ್ತದೆ ಎಂಬುದೇ ಈ ಸಂಕಿರಣದ ನಿಜವಾದ ವಿಷಯವಾಗಬೇಕು.

ಕೋಲಾರಕ್ಕೆ ಬರುತ್ತಿರುವುದು ಎರಡನೇ ಹಂತದವರೆಗೆ ಶುದ್ಧಗೊಳಿಸಿದ ನೀರು. ಅಲ್ಲಿ ಕೆಲಸ ಮಾಡುವುದು ಸೂಕ್ಷ್ಮಾಣುಗಳು. ಕೊಳಚೆಯಲ್ಲಿರುವ ಸಾವಯವ ಪದಾರ್ಥವನ್ನು ಅವು ತಿಂದು ತೇಗುತ್ತವೆ. ಸಾವಯವ ಮಾಲಿನ್ಯದ ಅಳತೆಯಾದ ಬಿಒಡಿ ಇಳಿಯುತ್ತದೆ, ವಾಸನೆ ಹೋಗುತ್ತದೆ, ವರದಿ ಚೆನ್ನಾಗಿ ಬರುತ್ತದೆ. ಆದರೆ ಅಡುಗೆಮನೆಯ ಉಪ್ಪು, ಸೋಪು-ಪುಡಿಯ ಸೋಡಿಯಂ, ಮೂತ್ರದ ಲವಣ, ಇವನ್ನು ಯಾವ ಸೂಕ್ಷ್ಮಾಣುವೂ ತಿನ್ನುವುದಿಲ್ಲ. ಅಮೋನಿಯಾ ನೈಟ್ರೇಟ್ ಆಗಿ ರೂಪ ಬದಲಿಸುತ್ತದೆ. ಅದನ್ನು ತೆಗೆಯಲೆಂದೇ ಬೇರೆ ವ್ಯವಸ್ಥೆ ಇಲ್ಲದಿದ್ದರೆ ನೀರಲ್ಲೇ ಉಳಿಯುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವ ಜಾತಿಯದಲ್ಲ, ಇಂಗುವ ನೀರಿನ ಜೊತೆಗೇ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬೇರೆ ಮೂಲವಿಲ್ಲದಿದ್ದರೆ ಇಷ್ಟರವರೆಗೆ ಸಹಿಸಬಹುದು ಎಂಬ ರಿಯಾಯಿತಿ ಹಲವು ಅಂಶಗಳಿಗಿದೆ, ಇದಕ್ಕಿಲ್ಲ. ಏಕೆಂದರೆ ಇದರ ಮೊದಲ ಪೆಟ್ಟು ಬೀಳುವುದು ಬಾಟಲಿ ಹಾಲು ಕುಡಿಯುವ ಹಸುಗೂಸಿನ ಮೇಲೆ.

ಫ್ಲೋರೈಡಿನ ಕಥೆ ಇನ್ನೂ ಸೂಕ್ಷ್ಮ. ಹೊಸ ನೀರು ಇಂಗಿದರೆ ಹಳೆಯ ಫ್ಲೋರೈಡ್ ತೆಳುವಾಗುತ್ತದೆ ಎಂಬ ಮಾತು ಸರಿಯೇ. ಆದರೆ ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿರುವ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಬಿಡಿಸಿಕೊಂಡು ಬರಬಲ್ಲದು. ಒಂದು ಊರಲ್ಲಿ ಇಳಿಯಬಹುದು, ಪಕ್ಕದ ಊರಲ್ಲಿ ಏರಬಹುದು. ಜಿಲ್ಲಾ ಸರಾಸರಿ ತೆಗೆದು ಸಮಾಧಾನಪಟ್ಟುಕೊಳ್ಳುವ ವಿಷಯವಲ್ಲ ಇದು.

ನಮ್ಮ ನೆಲವನ್ನೂ ನೋಡೋಣ. ಹೋಲಿಕೆಗೆ, ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲೀಸ್ ಬಳಿಯ ಮಾಂಟೆಬೆಲ್ಲೊದಲ್ಲಿ 1962ರಿಂದಲೂ ಸಂಸ್ಕರಿತ ನೀರನ್ನು ಇಂಗಿಸುತ್ತಿದ್ದಾರೆ. ಅಲ್ಲಿ ಕೆಳಗಿರುವುದು ಮರಳು, ಮೆಕ್ಕಲು. ನೀರು ತಿಂಗಳುಗಟ್ಟಲೆ ಅದರಲ್ಲಿ ಸೋಸಿಕೊಂಡು ಸಾಗುತ್ತದೆ. ಇಲ್ಲಿರುವುದು ಗ್ರಾನೈಟು, ನೈಸ್ ಶಿಲೆ. ಮೇಲೆ ಒಂದಿಷ್ಟು ಶಿಥಿಲ ಪದರ, ಅದರ ಕೆಳಗೆ ಬರೀ ಬಿರುಕು. ಬಿರುಕಿಗೆ ಸಿಕ್ಕಿದ ನೀರು ಸೋಸಿಕೊಳ್ಳುವುದಿಲ್ಲ, ಓಡುತ್ತದೆ. ನಮ್ಮಲ್ಲಿ ಸೋಸುವ ಕೆಲಸವನ್ನೆಲ್ಲ ಆ ಮೇಲಿನ ಮಣ್ಣೇ ಮಾಡಬೇಕು. ಅದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಮಣ್ಣು ತೊಳೆದು ತೆಗೆಯುವ ಫಿಲ್ಟರ್ ಮರಳಿಗಾಗಿ ಕೆರೆಯಂಗಳಗಳನ್ನು ಬಗೆದೆವು. ಬರಗಾಲದಲ್ಲಿ ಕೆರೆಯೊಳಗೇ ಬೋರ್‌ವೆಲ್ ಕೊರೆದೆವು. ಬತ್ತಿದಾಗ ಕೇಸಿಂಗ್ ಪೈಪ್ ಕಿತ್ತುಕೊಂಡು ಗುಂಡಿಯನ್ನು ಹಾಗೇ ಬಿಟ್ಟೆವು. ಈಗ ಆ ಕೆರೆಗೇ ನೀರು ತುಂಬಿಸಿದಾಗ, ತೆರೆದ ಆರಿಂಚಿನ ತೂತಿನಿಂದ ಅದು ಮಣ್ಣಿನ ಮುಖವನ್ನೇ ನೋಡದೆ ನೇರವಾಗಿ ಬಿರುಕಿಗೆ ಇಳಿಯುತ್ತದೆ. ನಾನು ಇವತ್ತು ಒಂದೇ ಒಂದು ಬೇಡಿಕೆ ಇಡಬಹುದು ಎಂದಾದರೆ ಇದನ್ನೇ ಇಡುತ್ತೇನೆ: ಕೆರೆಗೆ ನೀರು ಬಿಡುವ ಮೊದಲು ಅಂಗಳದಲ್ಲಿರುವ ಪ್ರತಿ ಬತ್ತಿದ ಬೋರ್‌ವೆಲ್ಲನ್ನೂ ಹುಡುಕಿ ಜೇಡಿಮಣ್ಣು, ಸಿಮೆಂಟಿನಿಂದ ಮುಚ್ಚಬೇಕು. ಅವು ಎಲ್ಲೆಲ್ಲಿವೆ ಎಂದು ಊರಿನ ಹಿರಿಯರು ಬೆರಳು ಮಾಡಿ ತೋರಿಸುತ್ತಾರೆ.

ಇನ್ನೊಂದು ಸಂಗತಿ ನಮ್ಮ ಕಣ್ಣೆದುರಿಗೇ ಇದೆ. ಯಾವುದೇ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಬೆಳಗ್ಗೆ ನಿಂತು ನೋಡಿ. ನಾಣ್ಯ ಹಾಕಿದರೆ ಮುಂದಿನ ನಲ್ಲಿಯಲ್ಲಿ ಕ್ಯಾನ್ ತುಂಬುತ್ತದೆ. ಘಟಕದ ಹಿಂದೆ ಇನ್ನೊಂದು ಪೈಪಿರುತ್ತದೆ. ಆರ್‌ಒ ಯಂತ್ರ ಬೇರ್ಪಡಿಸಿದ ಉಪ್ಪು, ಫ್ಲೋರೈಡ್, ನೈಟ್ರೇಟ್ ಎಲ್ಲವೂ ಗಟ್ಟಿಯಾಗಿ ಅದರಿಂದ ಹೊರಬಿದ್ದು, ಬದಿಯ ಮೋರಿಗೋ ಹಳ್ಳಕ್ಕೋ ಸೇರಿ ಮತ್ತೆ ಇಂಗುತ್ತದೆ. ನೆಲದಿಂದ ತೆಗೆದ ವಿಷವನ್ನು ಸಾಂದ್ರಗೊಳಿಸಿ ಅದೇ ನೆಲಕ್ಕೆ ಕೊಡುತ್ತಿದ್ದೇವೆ. ಮರುಬಳಕೆಯ ನೀರಿನ ನೀತಿ ಬರೆಯುವವರು ಈ ಹಿಂದಿನ ಪೈಪನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು.

ಕ್ಯಾಲಿಫೋರ್ನಿಯಾದ ಮಾತು ಬಂತಲ್ಲ, ಅಲ್ಲಿಂದ ಕಲಿಯಬೇಕಾದದ್ದು ಯಂತ್ರಗಳನ್ನಲ್ಲ. ಆ ರಾಜ್ಯ 2009ರಲ್ಲಿ ಮರುಬಳಕೆ ನೀರಿನ ನೀತಿಯನ್ನು ಅಂಗೀಕರಿಸಿದಾಗ ಅಂತರ್ಜಲ ಜಲಾನಯನ ಪ್ರದೇಶಗಳಿಗೆ ಲವಣ ಮತ್ತು ಪೋಷಕಾಂಶಗಳ ನಿರ್ವಹಣಾ ಯೋಜನೆ ಬೇಕೆಂದಿತು. ಮರುಬಳಕೆಯ ನೀರಿನಿಂದ ಎಷ್ಟು ಉಪ್ಪು ಬರುತ್ತದೆ, ಗೊಬ್ಬರದಿಂದ ಎಷ್ಟು ನೈಟ್ರೇಟ್, ಆ ನೆಲಕ್ಕೆ ಇನ್ನೆಷ್ಟು ತಡೆದುಕೊಳ್ಳುವ ಶಕ್ತಿಯಿದೆ ಎಂಬ ಜಮಾಖರ್ಚು ಅದು. ಆರೆಂಜ್ ಕೌಂಟಿಯವರು 1970ರ ದಶಕದಿಂದ ಸಂಸ್ಕರಿತ ನೀರನ್ನು ನೆಲದೊಳಕ್ಕೆ ಇಳಿಸುತ್ತಿದ್ದರು. 2000ದ ಸುಮಾರಿಗೆ, ಕ್ಯಾನ್ಸರ್ ತರಬಲ್ಲ ಎನ್‌ಡಿಎಂಎ ಎಂಬ ರಾಸಾಯನಿಕ ಆರ್‌ಒ ಪೊರೆಯನ್ನೂ ದಾಟಿ ಹೋಗುತ್ತಿದೆಯೆಂದು ಗೊತ್ತಾಯಿತು. ಅವರು ಅದನ್ನು ಬಚ್ಚಿಡಲಿಲ್ಲ. ನೇರಳಾತೀತ ಕಿರಣ ಮತ್ತು ಹೈಡ್ರೋಜನ್ ಪೆರಾಕ್ಸೈಡಿನ ಹಂತವನ್ನು ಸೇರಿಸಿದರು. ಹುಡುಕಿದ್ದರಿಂದ ಸಿಕ್ಕಿತು, ಸಿಕ್ಕಿದ್ದರಿಂದ ಸರಿಹೋಯಿತು. ಜನ ಇವತ್ತಿಗೂ ಆ ನೀರನ್ನು ನಂಬುವುದು ಇದೇ ಕಾರಣಕ್ಕೆ.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. 1974ರ ಜಲ ಕಾಯ್ದೆಯ ವ್ಯಾಖ್ಯೆಯಲ್ಲಿ ಭೂಗರ್ಭದ ನೀರೂ ‘ತೊರೆ’ಯೇ, ಅದಕ್ಕೆ ಮಾಲಿನ್ಯ ಸೇರಿಸುವುದು ನದಿಗೆ ಸೇರಿಸಿದಷ್ಟೇ ಕಾನೂನುಬಾಹಿರ. ರಾಜ್ಯಕ್ಕೆ 2011ರ ಅಂತರ್ಜಲ ಕಾಯ್ದೆಯೂ ಇದೆ. ಆದರೆ ನದಿಯಲ್ಲಿ ಮೀನು ಸತ್ತು ತೇಲಿದರೆ ಮಾರನೆಯ ದಿನ ಪತ್ರಿಕೆಯಲ್ಲಿ ಬರುತ್ತದೆ. ಶಿಲಾಸ್ತರ ಕೆಟ್ಟರೆ ಗೊತ್ತಾಗಲು ವರ್ಷಗಳು ಬೇಕು, ಸರಿಪಡಿಸಲು ತಲೆಮಾರುಗಳು ಬೇಕು.

ಆದ್ದರಿಂದ ಈ ಸಂಕಿರಣದಿಂದ ಹೊರಡುವ ನಿರ್ಣಯದಲ್ಲಿ ಕೆಲವು ಖಚಿತ ಮಾತುಗಳಿರಲಿ. ನೀರು ತುಂಬುವ ಪ್ರತಿ ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ವೀಕ್ಷಣಾ ಬಾವಿಗಳಿರಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ನೈಟ್ರೇಟ್, ಫ್ಲೋರೈಡ್, ಸೋಡಿಯಂ, ಭಾರಲೋಹ ಪರೀಕ್ಷಿಸಲಿ. ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಎರಡನೇ ಹಂತದ ನಂತರ ಬೇಕಾದ ಮೂರನೇ ಹಂತದ ಶುದ್ಧೀಕರಣಕ್ಕೂ ಈ ಪರೀಕ್ಷೆಗಳಿಗೂ ಆಗುವ ಖರ್ಚು ನೀರು ಕೊಳಕು ಮಾಡಿದ ನಗರದ್ದು. ಬೆಂಗಳೂರಿನ ನೀರಿನ ಬಿಲ್ಲಿನಲ್ಲೇ ಅದು ಸೇರಲಿ, ಕೋಲಾರದ ರೈತನ ಹೆಗಲಿಗೆ ಬೀಳದಿರಲಿ. ಯಾವುದಾದರೂ ಬಾವಿಯಲ್ಲಿ ನೈಟ್ರೇಟ್ 45ರ ಹತ್ತಿರಕ್ಕೆ ಬಂದರೆ ಆ ಕೆರೆಯ ಗೇಟನ್ನು ಯಾರು, ಎಷ್ಟು ದಿನದೊಳಗೆ ಮುಚ್ಚಬೇಕು? ಆ ಅಧಿಕಾರಿಯ ಹುದ್ದೆ ಆದೇಶದಲ್ಲಿ ಬರೆದಿರಬೇಕು. ಮಧ್ಯಾಹ್ನದ ಗೋಷ್ಠಿ ಈ ನಿರ್ಣಯದ ಕರಡಿನಿಂದಲೇ ಆರಂಭವಾಗಲಿ ಎಂದು ಕೋರುತ್ತೇನೆ.