ಹಸು ಗಬ್ಬ ಕಟ್ಟುತ್ತಿಲ್ಲವೇ? ಗರ್ಭಕೋಶದ ಕಡೆ ಗಮನ ಕೊಡಿ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿ ವರ್ಷಕ್ಕೊಮ್ಮೆ ಮನೆಗೆ ಬಂದರೆ, ಎಷ್ಟೋ ಮನೆಗಳ ದಿನದ ಖರ್ಚು ನಡೆಯುವುದು ಡೇರಿಗೆ ಹಾಕುವ ಹಾಲಿನಿಂದ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ ಕರು ಹಾಕಿದ 85 ದಿನಗಳೊಳಗೆ ಅದು ಮತ್ತೆ ಗಬ್ಬ ಕಟ್ಟಬೇಕು. ಒಂದು ಬೆದೆ ವ್ಯರ್ಥವಾದರೆ 21 ದಿನ, ಮೂರಾದರೆ 63 ದಿನ ನಷ್ಟ. ಮೇವು, ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ.

ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಹಸು ಬೆದೆಗೆ ಬಂದರೆ ವೀರ್ಯವನ್ನು ದೂರುವವರುಂಟು. ಬಂಜೆಯೆಂದು ಹಸುವನ್ನು ಸಂತೆಗೆ ಹೊಡೆಯುವವರೂ ಉಂಟು. ಅದಕ್ಕೆ ಮೊದಲು ಪಶುವೈದ್ಯರಿಂದ ಗರ್ಭಕೋಶವನ್ನು ಪರೀಕ್ಷೆ ಮಾಡಿಸಬೇಕು. ಗರ್ಭಕೋಶದ ಒಳಪೊರೆಯ ಹಳೆಯ ಉರಿಯೂತ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಇಂಥ ಹಸುವಿಗೆ ಜ್ವರವಿರುವುದಿಲ್ಲ. ಮೇವು ತಿನ್ನುತ್ತದೆ, ಸಾಮಾನ್ಯವಾಗಿ ಬೆದೆಗೂ ಬರುತ್ತದೆ. ಆದರೆ ಒಳಗೆ ವೀರ್ಯಾಣುಗಳು ಸಾಯುತ್ತವೆ. ಭ್ರೂಣವಾದರೂ ನೆಲೆಯೂರದೆ ನಾಶವಾಗುತ್ತದೆ.

ಬೆದೆಯ ಲೋಳೆ ಮೊಟ್ಟೆಯ ಬಿಳಿಲೋಳೆಯಂತೆ ತಿಳಿಯಾಗಿರಬೇಕು. ಮಬ್ಬಾಗಿದ್ದರೆ, ಕೀವಿನ ಎಳೆಗಳಿದ್ದರೆ ಆ ಬೆದೆಯಲ್ಲಿ ಗರ್ಭಧಾರಣೆ ಬೇಡ. ಚಿಕಿತ್ಸೆ ಮಾಡಿಸಿ, ಲೋಳೆ ತಿಳಿಯಾದ ಮುಂದಿನ ಬೆದೆಗೆ ಕಾಯಬೇಕು. ಲೋಳೆ ತಿಳಿಯಾಗಿದ್ದೂ ಗಬ್ಬ ನಿಲ್ಲದಿದ್ದರೆ ಆಗಲೂ ಪರೀಕ್ಷೆ ಅಗತ್ಯ. ಕೆಲವು ಹಸುಗಳಲ್ಲಿ ಕೀವು ಒಳಗೇ ತುಂಬಿ ಬೆದೆ ನಿಂತುಹೋಗುತ್ತದೆ. ಮನೆಯವರು ಗಬ್ಬವೆಂದೇ ನಂಬುತ್ತಾರೆ. ಆದ್ದರಿಂದ ಗರ್ಭಧಾರಣೆಯಾದ ಎರಡು ತಿಂಗಳಿಗೆ ಗಬ್ಬ ಪರೀಕ್ಷೆ ತಪ್ಪಿಸಬಾರದು.

ಅಂಗಡಿಯಿಂದ ಔಷಧಿ ತಂದು ಕೊಡಿಸುವುದು ಅಪಾಯ. ಕೀವು ಹೊರಹಾಕಲು ಬಳಸುವ ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಗಬ್ಬದ ಹಸುವಿಗೆ ಬಿದ್ದರೆ ಕಂದು ಹಾಕುತ್ತದೆ. ಪ್ರತಿಜೀವಕ ಕೊಟ್ಟಾಗ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು.

ಈ ರೋಗದ ಬೇರು ಹೆಚ್ಚಾಗಿ ಕರು ಹಾಕುವ ದಿನದಲ್ಲಿದೆ. ಗಂಜಲ, ಸೆಗಣಿ ನಿಲ್ಲದ ಒಣ ಜಾಗದಲ್ಲಿ ಹಸು ಕರು ಹಾಕಲಿ. ಮಾಸು (ಸತ್ತೆ) 12 ಗಂಟೆಯಾದರೂ ಬೀಳದಿದ್ದರೆ ವೈದ್ಯರನ್ನು ಕರೆಸಬೇಕು. ಅದನ್ನು ಎಳೆಯಬಾರದು, ಕಲ್ಲು ಕಟ್ಟಬಾರದು, ಬರಿಗೈಯಲ್ಲಿ ಮುಟ್ಟಬಾರದು. ಕಂದುರೋಗವಾದ ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕಿಸಬೇಕು. ಗರ್ಭಕೋಶ ಮೊದಲಿನಂತಾಗಲು ಸುಮಾರು 40 ದಿನ ಬೇಕು. ಅದಕ್ಕೆ ಮುಂಚಿನ ಬೆದೆಯನ್ನು ಬಿಟ್ಟುಬಿಡಬೇಕು.

ಕರು ಹಾಕಿದ ದಿನ, ಮಾಸು ಬಿದ್ದ ಹೊತ್ತು, ಬೆದೆಯ ದಿನ, ಲೋಳೆಯ ಬಣ್ಣ ಇಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವೈದ್ಯರು ಬಂದಾಗ ಮೊದಲು ಅದನ್ನು ತೋರಿಸಿ. ಸಂತೆಗೆ ಹೊರಟ ಎಷ್ಟೋ ಹಸುಗಳು ಕೊಟ್ಟಿಗೆಯಲ್ಲೇ ಉಳಿದಾವು.