ಬಡವನ ದೇಶಸಂಚಾರವೂ ಪ್ರವಾಸದ ಕೈಪಿಡಿಯೂ

(ಕುಷ್ಟಗಿಯಲ್ಲಿ ಸೇರಿದ್ದ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಕಡಿಮೆ ಖರ್ಚಿನಲ್ಲಿ ನಾಲ್ಕಾರು ದೇಶ ಸುತ್ತಿ ಬರಬೇಕೆನ್ನುವವರಿಗೆ ಪ್ರವಾಸದ ಕೈಪಿಡಿಗಳಿಂದ ಏನು ಉಪಯೋಗ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ನಕ್ಕಿರಬಹುದು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವ ತಾಲ್ಲೂಕಿನಲ್ಲಿ ದೇಶಸಂಚಾರದ ಮಾತೇ? ಅದು ಹೊಟ್ಟೆ ತುಂಬಿದವರ ಮಾತಲ್ಲವೇ? ಈ ನಗೆಗೆ ಉತ್ತರ ಕೊಡುವುದೇ ಇಂದಿನ ನನ್ನ ಭಾಷಣದ ಉದ್ದೇಶ.

ಪ್ರವಾಸ ಉಳ್ಳವರ ಸೊತ್ತು ಎಂದು ಯಾರೂ ಯಾರಿಗೂ ಬರೆದು ಕೊಟ್ಟಿಲ್ಲ. ನಮ್ಮ ಕೂಲಿಕಾರ ಮಂಗಳೂರಿಗೆ ಹೋಗುತ್ತಾನೆ, ಗೋವಾಕ್ಕೆ ಹೋಗುತ್ತಾನೆ, ಬೆಂಗಳೂರಿಗೆ ಹೋಗುತ್ತಾನೆ. ಊರು ಬಿಟ್ಟು ಹೊರಡುವ ಧೈರ್ಯ ಅವನಿಗೆ ಇದೆ. ಬುತ್ತಿ ಕಟ್ಟಿಕೊಂಡು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರುವ ಶಕ್ತಿಯೂ ಇದೆ. ಅವನಿಗೆ ಇಲ್ಲದ್ದು ಒಂದೇ: ಹೋಗುವ ಮೊದಲೇ ತಿಳಿದುಕೊಳ್ಳುವ ಸಾಧನ. ಹಣವಂತನಿಗೆ ಈ ಸಾಧನದ ಅಗತ್ಯ ಅಷ್ಟಾಗಿ ಇಲ್ಲ. ಅವನ ಟಿಕೆಟ್ಟನ್ನು ಏಜೆಂಟ ತೆಗೆಸುತ್ತಾನೆ, ನಿಲ್ದಾಣಕ್ಕೆ ಕಾರು ಬರುತ್ತದೆ, ದಾರಿ ತಪ್ಪಿದರೆ ಅವನಿಗೆ ಒಂದು ಗಂಟೆ ನಷ್ಟ. ಬಡವ ದಾರಿ ತಪ್ಪಿದರೆ ಎರಡು ದಿನದ ಊಟ ನಷ್ಟ. ಆದ್ದರಿಂದ ಕೈಪಿಡಿ ಹುಟ್ಟಿದ್ದೇ ಜೇಬು ಹಗುರವಾಗಿರುವವನಿಗಾಗಿ ಎಂದು ನಾನು ಹೇಳುತ್ತೇನೆ. ಬೆಲೆ ತಿಳಿದವನನ್ನು ಸುಲಭವಾಗಿ ಸುಲಿಯಲಾಗದು; ಸಂತೆಗೆ ಹೋದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಕೋಬ್ಲೆಂಟ್ಸ್ ಪಟ್ಟಣದ ಪುಸ್ತಕ ವ್ಯಾಪಾರಿ ಕಾರ್ಲ್ ಬೇಡೆಕರ್ ಕೈಪಿಡಿಗಳನ್ನು ಅಚ್ಚು ಹಾಕಿಸತೊಡಗಿದ. ಪರಸ್ಥಳಕ್ಕೆ ಹೋದವನು ಬಾಡಿಗೆಯ ಮಾರ್ಗದರ್ಶಕರ, ಗಾಡಿಯವರ, ವಸತಿಗೃಹದವರ ಕೈಗೊಂಬೆಯಾಗದೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂಬುದು ಅವನ ಗುರಿ. ೧೯೫೭ರಲ್ಲಿ ಅಮೆರಿಕದ ಆರ್ಥರ್ ಫ್ರಾಮರ್, ದಿನಕ್ಕೆ ಐದು ಡಾಲರಿನಲ್ಲಿ ಯೂರೋಪು ನೋಡುವುದು ಹೇಗೆಂದು ಪುಸ್ತಕ ಬರೆದ. ಅದಕ್ಕೆ ಮುಂಚೆ, ತಾನು ಸೈನ್ಯದಲ್ಲಿದ್ದಾಗ, ತನ್ನಂಥ ಸಾಮಾನ್ಯ ಸಿಪಾಯಿಗಳಿಗಾಗಿ ಬರೆದದ್ದನ್ನೇ ಅವನು ಹಿಗ್ಗಿಸಿದ್ದ. ಯೂರೋಪು ಸಿರಿವಂತರಿಗಷ್ಟೇ ಎಂದು ತಿಳಿದಿದ್ದ ಗುಮಾಸ್ತರೂ ಶಿಕ್ಷಕರೂ ಆ ಪುಸ್ತಕ ಹಿಡಿದು ಹೊರಟರು.

೧೯೭೨ರಲ್ಲಿ ಟೋನಿ ವೀಲರ್, ಮೌರೀನ್ ವೀಲರ್ ಎಂಬ ತರುಣ ದಂಪತಿಗಳು ಹಳೆಯ ಕಾರೊಂದರಲ್ಲಿ ಲಂಡನ್ನಿನಿಂದ ಹೊರಟರು. ಕಾಬೂಲಿನಲ್ಲಿ ಕಾರು ಮಾರಿದರು. ಅಲ್ಲಿಂದ ಮುಂದೆ ಬಸ್ಸು, ರೈಲು, ಹಡಗು ಹಿಡಿದು ಆಸ್ಟ್ರೇಲಿಯ ಮುಟ್ಟುವ ಹೊತ್ತಿಗೆ ಕೈಯಲ್ಲಿ ಉಳಿದದ್ದು ಇಪ್ಪತ್ತೇಳು ಸೆಂಟು. ಹೇಗೆ ಬಂದಿರಿ ಎಂದು ಕಂಡಕಂಡವರೆಲ್ಲ ಕೇಳತೊಡಗಿದಾಗ, ೧೯೭೩ರಲ್ಲಿ, ತಮ್ಮ ಅನುಭವವನ್ನು ಸಣ್ಣ ಪುಸ್ತಕವಾಗಿ ತಾವೇ ತಂದರು. ಲೋನ್ಲಿ ಪ್ಲಾನೆಟ್ ಎಂಬ ದೊಡ್ಡ ಪ್ರಕಾಶನ ಹುಟ್ಟಿದ್ದು ಹೀಗೆ. ಅಂದರೆ ದಾರಿ ಸವೆಸಿದವರೇ ದಾರಿಯ ಲೆಕ್ಕ ಬರೆದರು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದೇ ನಮಗೆ ಬೇಕಾಗುತ್ತದೆ.

ಪುಸ್ತಕವೂ ಇಲ್ಲದೆ, ಹಣವೂ ಇಲ್ಲದೆ ಹೋದವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಬೆಂಗಳೂರಿನಲ್ಲಿ ವಿನೋಬಾರ ಆಶ್ರಮದಲ್ಲಿದ್ದ ಸತೀಶ್ ಕುಮಾರ್, ಇ. ಪಿ. ಮೆನನ್ ಎಂಬ ಇಬ್ಬರು ಯುವಕರು ೧೯೬೨ರಲ್ಲಿ ಅಣುಬಾಂಬಿನ ವಿರುದ್ಧ ದೆಹಲಿಯಿಂದ ಕಾಲ್ನಡಿಗೆಯಲ್ಲಿ ಹೊರಟರು. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್, ರಷ್ಯಾ ಹಾದು ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಮುಟ್ಟಿದರು. ಅದು ಮಹಾವ್ರತ, ಅದಕ್ಕೆ ನಮಸ್ಕಾರ. ಆದರೆ ಹದಿನೈದು ದಿನ ರಜೆ ಸಿಕ್ಕ ಶಿಕ್ಷಕಿಗೆ, ಸುಗ್ಗಿ ಮುಗಿಸಿದ ರೈತನಿಗೆ ವ್ರತ ಸಾಗದು, ಲೆಕ್ಕ ಬೇಕು.

ಹಾಗಾದರೆ ನಮ್ಮದೇ ಒಂದು ಲೆಕ್ಕ ಹಾಕೋಣ. ೨೦೨೫ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಇಲ್ಲಿಂದ ಹೊರಟು ಹುಬ್ಬಳ್ಳಿಯ ಮೇಲೆ ಉತ್ತರಕ್ಕೆ ಗಾಡಿ ಬದಲಿಸುತ್ತ ಗೋರಖಪುರ ಸೇರಬಹುದು. ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ. ಗಡಿಯನ್ನು ನಡೆದೇ ದಾಟಿದರೆ ನೇಪಾಳ. ಸ್ವಲ್ಪ ದೂರದಲ್ಲಿ ಲುಂಬಿನಿ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಶಾಸನ ಕೊರೆಸಿದ ಅಶೋಕನೇ ಲುಂಬಿನಿಯಲ್ಲೂ ಕಂಬ ನೆಡಿಸಿದ್ದಾನೆ. ನಮ್ಮ ಜಿಲ್ಲೆಯ ಮಗುವೊಂದು ಈ ಎರಡನ್ನೂ ಕಣ್ಣಾರೆ ಕಂಡರೆ ಚರಿತ್ರೆಯ ಪಾಠ ಬೇರೆ ಬೇಕೇ? ಲುಂಬಿನಿಯಿಂದ ಕಠ್ಮಂಡು, ಅಲ್ಲಿಂದ ಪೂರ್ವಕ್ಕೆ ಬಸ್ಸು ಹಿಡಿದು ಕಾಕರಭಿಟ್ಟಾ ಗಡಿ, ಸಿಲಿಗುರಿ, ಜೈಗಾಂವ್. ಅದರ ಆಚೆ ಭೂತಾನಿನ ಫುಂಟ್‌ಶೋಲಿಂಗ್. ನೆಲದ ಮೇಲೆಯೇ ಎರಡು ಪರದೇಶ ನೋಡಿ ಮರಳಬಹುದು, ವಿಮಾನ ಬೇಕಿಲ್ಲ.

ಈ ದಾರಿಯಲ್ಲಿ ಕೈಪಿಡಿ ಏನು ಮಾಡುತ್ತದೆ? ಒಂದು, ಕಾಗದಪತ್ರ ಹೇಳುತ್ತದೆ. ಈ ಎರಡು ದೇಶಗಳಿಗೂ ಭಾರತೀಯರು ಪಾಸ್‌ಪೋರ್ಟು ಇಲ್ಲದೆ ಮತದಾರರ ಗುರುತಿನ ಚೀಟಿಯ ಮೇಲೆ ಹೋಗಬಹುದು. ಆದರೆ ಆಧಾರ್ ಕಾರ್ಡನ್ನು ನಂಬಿ ಭೂತಾನಿನ ಬಾಗಿಲಿಗೆ ಹೋದವನು ಹಿಂತಿರುಗಬೇಕಾಗುತ್ತದೆ. ಎರಡು, ನಾಣ್ಯದ ಲೆಕ್ಕ ಹೇಳುತ್ತದೆ. ನಮ್ಮ ೧೦೦ ರೂಪಾಯಿಗೆ ನೇಪಾಳದ ೧೬೦ ರೂಪಾಯಿ. ಭೂತಾನಿನ ನಾಣ್ಯ ನಮ್ಮದಕ್ಕೆ ಸರಿಸಮ. ಇಷ್ಟು ತಿಳಿದವನಿಗೆ ಗಡಿಯ ಹಣ ಬದಲಿಸುವವನು ಟೋಪಿ ಹಾಕಲಾರ. ಮೂರು, ಕಣ್ಣಿಗೆ ಕಾಣದ ಖರ್ಚು ಹೇಳುತ್ತದೆ. ಭೂತಾನು ೨೦೨೨ರಿಂದ ಭಾರತೀಯ ಪ್ರವಾಸಿಗಳ ಮೇಲೆ ತಲೆಗೆ ಒಂದು ರಾತ್ರಿಗೆ ೧,೨೦೦ ರೂಪಾಯಿ ಶುಲ್ಕ ಹಾಕಿದೆ. ನಾಲ್ಕು ರಾತ್ರಿಗೆ ೪,೮೦೦. ಕೋಣೆ, ಊಟ ಬೇರೆ. ಮೊದಲೇ ತಿಳಿದವನು ನೇಪಾಳದಲ್ಲಿ ಹತ್ತು ದಿನ, ಭೂತಾನಿನಲ್ಲಿ ಎರಡು ದಿನ ಎಂದು ಮನೆಯಲ್ಲೇ ಕೂತು ಹಂಚಿಕೊಳ್ಳುತ್ತಾನೆ. ತಿಳಿಯದವನು ಗಡಿಯಲ್ಲಿ ನಿಂತು ಸಾಲ ಕೇಳುತ್ತಾನೆ. ಹಲವು ದೇಶ ಸುತ್ತುವವನಿಗೆ ಕೈಪಿಡಿಯ ದೊಡ್ಡ ಉಪಕಾರ ಇದೇ: ಯಾವ ದೇಶದಲ್ಲಿ ಎಷ್ಟು ದಿನ ನಿಲ್ಲಬೇಕು ಎಂಬುದನ್ನು ಆಸೆ ನಿರ್ಣಯಿಸದೆ ಲೆಕ್ಕ ನಿರ್ಣಯಿಸುತ್ತದೆ.

ಬೆಲೆಗಳು ಬದಲಾಗುತ್ತವೆ, ಪುಸ್ತಕ ಹಳತಾಗುತ್ತದೆ ಎಂಬ ಆಕ್ಷೇಪ ನಿಜ. ಆದರೆ ಬೆಲೆ ಹಳತಾದರೂ ಬೆಲೆಗಳ ತಾರತಮ್ಯ ಬೇಗ ಹಳತಾಗದು. ಯಾವ ಬೀದಿ ಅಗ್ಗ, ಯಾವ ಊಟ ಕೂಲಿಕಾರರ ಊಟ, ಯಾವ ಊರಿಗೆ ರಾತ್ರಿ ಗಾಡಿ ಹಿಡಿದರೆ ಕೋಣೆಯ ಬಾಡಿಗೆ ಉಳಿಯುತ್ತದೆ, ಇವು ಬಹುಕಾಲ ನಿಲ್ಲುವ ಸಂಗತಿಗಳು. ಅಚ್ಚಾದ ವರ್ಷ ನೋಡಿ ಪುಸ್ತಕ ಕೊಳ್ಳಿರಿ. ಶುಲ್ಕ ಮತ್ತು ಪರವಾನಗಿಯ ಸಂಗತಿಯನ್ನು ಹೊರಡುವ ವಾರ ಮತ್ತೆ ವಿಚಾರಿಸಿರಿ. ಕೊಳ್ಳಲಾಗದಿದ್ದರೆ ನಾಲ್ವರು ಸೇರಿ ಒಂದು ಕೊಳ್ಳಿರಿ. ಎಲ್ಲವೂ ಫೋನಿನಲ್ಲಿ ಸಿಗುವಾಗ ಪುಸ್ತಕವೇಕೆ ಎನ್ನುವವರಿಗೂ ಒಂದು ಮಾತು. ಫೋನಿನಲ್ಲಿ ಎಷ್ಟೋ ವೇಳೆ ಹಣ ಕೊಟ್ಟವನ ಹೋಟೆಲು ಮೊದಲು ಕಾಣುತ್ತದೆ. ಬೆಟ್ಟದ ದಾರಿಯಲ್ಲಿ ಸಿಗ್ನಲ್ಲು ಹೋದಾಗ ಅದೂ ಕಾಣದು.

ಇನ್ನೊಂದು ಬಗೆಯ ಕೈಪಿಡಿಯ ಕಥೆ ಹೇಳಬೇಕು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ವಿಕ್ಟರ್ ಗ್ರೀನ್ ಎಂಬ ಕರಿಯ ಅಂಚೆಪೇದೆ ೧೯೩೬ರಲ್ಲಿ ಒಂದು ಪುಸ್ತಕ ತಂದ. ಕರಿಯರಿಗೆ ಯಾವ ಊರಲ್ಲಿ ಯಾವ ಹೋಟೆಲು ಊಟ ಹಾಕುತ್ತದೆ, ಯಾವ ಮನೆ ಮಲಗಲು ಜಾಗ ಕೊಡುತ್ತದೆ ಎಂಬ ಪಟ್ಟಿ ಅದು. ಗ್ರೀನ್ ಬುಕ್ ಎಂದೇ ಹೆಸರಾಯಿತು. ಮೂವತ್ತು ವರ್ಷ ನಡೆಯಿತು. ಆ ದೇಶದಲ್ಲಿ ಅದು ಎಷ್ಟು ಬೇಕಾಗಿತ್ತೆಂಬುದಕ್ಕೆ ನಮ್ಮ ಲೋಹಿಯಾ ಅವರೇ ಸಾಕ್ಷಿ. ೧೯೬೪ರ ಮೇ ತಿಂಗಳಲ್ಲಿ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಒಂದು ಉಪಾಹಾರಗೃಹದ ಬಾಗಿಲಲ್ಲಿ ಅವರನ್ನು ತಡೆದರು. ಮೈಬಣ್ಣವೇ ಕಾರಣ. ಹಿಂದೆ ಸರಿಯದೆ ನಿಂತ ಅವರನ್ನು ಪೊಲೀಸರು ಬಂಧಿಸಿದರು.

ಆ ದೇಶವನ್ನು ಬೈದು ಸುಮ್ಮನಾಗುವ ಹಕ್ಕು ನಮಗಿಲ್ಲ. ನಮ್ಮದೇ ತಾಲ್ಲೂಕಿನ ಮಿಯಾಪುರದಲ್ಲಿ ೨೦೨೧ರಲ್ಲಿ ಗುಡಿಯೊಳಗೆ ಓಡಿಹೋದ ದಲಿತ ಕೂಸಿನ ತಪ್ಪಿಗೆಂದು ಮನೆಯವರಿಗೆ ದಂಡ ಹೇರಿದ ಸುದ್ದಿ ದೇಶವೆಲ್ಲ ಕೇಳಿತು. ಯಾವ ಬಾಗಿಲು ಯಾರಿಗೆ ತೆರೆಯುತ್ತದೆ ಎಂದು ಕೈಪಿಡಿ ಬರೆಯಬೇಕಾದ ಸ್ಥಿತಿ ಇರುವವರೆಗೆ ಪ್ರವಾಸದ ಸ್ವಾತಂತ್ರ್ಯ ಅರ್ಧವೇ. ಕೈಪಿಡಿ ಬಾಗಿಲು ತೋರಿಸಬಲ್ಲದು. ತೆರೆಸುವ ಕೆಲಸ ನಮ್ಮದು.

ಕೈಪಿಡಿಗೆ ದೋಷವೂ ಉಂಟು. ಅದು ಬರೆದದ್ದೇ ಊರು, ಬರೆಯದ್ದು ಊರಲ್ಲ ಎಂಬಂತಾಗುತ್ತದೆ. ವಿದೇಶಿ ಕೈಪಿಡಿಗಳನ್ನು ಹಿಡಿದು ಹಂಪಿಗೆ ಬಂದವರು ದೋಣಿಯಲ್ಲಿ ಹೊಳೆ ದಾಟಿ ನಮ್ಮ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ತಂಗತೊಡಗಿದರು. ಗದ್ದೆಯ ನಡುವೆ ಅತಿಥಿಗೃಹಗಳು ಎದ್ದವು. ಅಡುಗೆಯವರಿಗೆ, ಆಟೋದವರಿಗೆ, ದೋಣಿಯವರಿಗೆ ಕೆಲಸ ಸಿಕ್ಕಿತು. ೨೦೨೦ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಡಗಳು ಕಾನೂನಿಗೆ ವಿರುದ್ಧವೆಂದು ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಯಂತ್ರಗಳು ಬಂದು ಕೆಡವಿದವು. ಸ್ಮಾರಕ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಂದವನು ಇನ್ನೊಂದು ಪುಟ ತಿರುಗಿಸಿ ಇನ್ನೊಂದು ಊರಿಗೆ ಹೋದ. ಕೆಲಸ ಕಳೆದುಕೊಂಡವನಿಗೆ ತಿರುಗಿಸಲು ಪುಟವಿರಲಿಲ್ಲ. ಇತ್ತ ೧೧೧೨ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಶಿಲ್ಪದಲ್ಲಿ ಯಾವುದಕ್ಕೂ ಕಡಿಮೆಯಿಲ್ಲದ್ದು, ಹಂಪಿಗೆ ಬರುವವರಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೆ ನಿಂತಿದೆ. ಆದ್ದರಿಂದ ಕೈಪಿಡಿಯನ್ನು ಊರುಗೋಲಾಗಿ ಹಿಡಿಯಿರಿ, ಕಣ್ಣಿಗೆ ಕಟ್ಟುವ ಪಟ್ಟಿಯಾಗಿ ಅಲ್ಲ. ಹೋದ ಊರಿನಲ್ಲಿ ದುಡಿಯುವವರು ಎಲ್ಲಿ ಉಣ್ಣುತ್ತಾರೋ ಅಲ್ಲಿ ಉಣ್ಣಿರಿ. ನಿಮ್ಮ ದುಡ್ಡು ಅವರ ಕೈಗೆ ಹೋಗಲಿ.

ಕೊನೆಯದಾಗಿ ನಮ್ಮ ಭಾಷೆಯ ಮಾತು. ಕನ್ನಡದಲ್ಲಿ ಪ್ರವಾಸಕಥನಕ್ಕೆ ಬರವಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ನಮ್ಮ ಹೆಮ್ಮೆಯ ಪುಸ್ತಕಗಳು. ಅವು ಕಂಡದ್ದನ್ನು ಹೇಳುವ ಪುಸ್ತಕಗಳು. ಎಲ್ಲಿ ಇಳಿಯಬೇಕು, ಎಷ್ಟು ಕೊಡಬೇಕು, ಯಾರನ್ನು ನಂಬಬಾರದು ಎಂದು ಹೇಳುವುದು ಅವುಗಳ ಕೆಲಸವಲ್ಲ. ಆ ಕೆಲಸಕ್ಕೆ ಇಂಗ್ಲಿಷ್ ಪುಸ್ತಕ ಹುಡುಕಬೇಕಾದರೆ, ಇಂಗ್ಲಿಷ್ ಬಲ್ಲವನಿಗಷ್ಟೇ ಅಗ್ಗದ ಪ್ರವಾಸ, ಬಾರದವನಿಗೆ ದುಬಾರಿ ಪ್ರವಾಸ ಎಂದಾಯಿತು. ಇದಕ್ಕಿಂತ ತಲೆಕೆಳಗಾದ ನ್ಯಾಯ ಉಂಟೇ?

ಇದು ಬರೀ ನೋಡಲು ಹೋಗುವವರ ಪ್ರಶ್ನೆಯೂ ಅಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ನಮ್ಮ ಹುಡುಗರಿಗೆ ಕೈಪಿಡಿ ಇನ್ನೂ ಅಗತ್ಯ. ೧೯೮೩ರ ವಲಸೆ ಕಾಯ್ದೆಯ ನಿಯಮಗಳಂತೆ ನೋಂದಾಯಿತ ಏಜೆಂಟನು ಪಡೆಯಬಹುದಾದ ಶುಲ್ಕ ೩೦,೦೦೦ ರೂಪಾಯಿ, ಅದರ ಮೇಲಿನ ತೆರಿಗೆ ಮಾತ್ರ. ಹತ್ತನೆಯ ತರಗತಿ ದಾಟದವನು ಸೌದಿ, ಕುವೈತ್, ಕತಾರಿನಂಥ ದೇಶಕ್ಕೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಪ್ರವಾಸಿ ವೀಸಾದ ಮೇಲೆ ಕೆಲಸಕ್ಕೆ ಕಳಿಸುತ್ತೇನೆ ಎನ್ನುವವನು ಮೋಸಗಾರ. ಈ ಮೂರು ವಾಕ್ಯಗಳು ಕನ್ನಡದಲ್ಲಿ ಅಚ್ಚಾಗಿ ಪ್ರತಿ ಬಸ್ ನಿಲ್ದಾಣದಲ್ಲಿ ಸಿಗುವಂತಾದರೆ ಎಷ್ಟು ಹೊಲಗಳು ಅಡವಿನಿಂದ ಉಳಿದಾವು!

ಆದ್ದರಿಂದ ನನ್ನ ಸೂಚನೆ ಸಣ್ಣದು. ಈ ಊರಿನ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿರಿ. ಊರು ಬಿಟ್ಟು ಹೋಗಿ ಬಂದ ಪ್ರತಿಯೊಬ್ಬರೂ, ಕಠ್ಮಂಡುವಿಗೆ ಹೋದವರಿರಲಿ, ಮಂಗಳೂರಿಗೆ ಗುಳೆ ಹೋದವರಿರಲಿ, ಕುವೈತಿನಿಂದ ಬಂದವರಿರಲಿ, ಅದರಲ್ಲಿ ಐದು ಸಂಗತಿ ಬರೆಯಲಿ: ತಾರೀಖು, ದಾರಿ, ಕೊಟ್ಟ ದರ, ಉಂಡು ಮಲಗಿದ ಜಾಗ, ಮೋಸವಾದ ಜಾಗ. ಅಕ್ಷರ ಬಾರದವರ ಮಾತನ್ನು ನೀವು ಕೇಳಿ ಬರೆಯಿರಿ. ಒಂದು ವರ್ಷದಲ್ಲಿ ಅದು ತುಂಬುತ್ತದೆ. ತುಂಬಿದ್ದನ್ನು ಅಚ್ಚು ಹಾಕಿಸೋಣ. ವೀಲರ್ ದಂಪತಿಗಳು ಮಾಡಿದ್ದು ಇದನ್ನೇ. ಅವರಲ್ಲಿ ಇಬ್ಬರಿದ್ದರು, ನಮ್ಮಲ್ಲಿ ಸಾವಿರಾರು ಜನ ಇದ್ದಾರೆ.